ಪರೀಕ್ಷೆಗಾಗಿ ಹುಟ್ಟಿದ ಒಂದು ಗಣಿತಗ್ರಂಥ

ಪ್ರೌಢಶಾಲೆಯ ವಿದ್ಯಾರ್ಥಿಗಳು ಪರೀಕ್ಷೆಯ ಕಾಲವು ಸಮೀಪಿಸಿದೊಡನೆ ಮೊರೆಹೊಗುವ ಸಂಗ್ರಹಪುಸ್ತಕಗಳ ವಿಷಯದಲ್ಲಿ ವಿದ್ವಾಂಸರ ಬಾಯಿಂದ ಒಳ್ಳೆಯ ಮಾತು ಹೊರಡುವುದು ಅಪೂರ್ವ. ‘ನೋಟ್ಸು’, ‘ಕೀ’, ‘ಗೈಡು’ ಎಂಬ ಹೆಸರುಗಳಿಂದ ಮನೆಮನೆಗೂ ಪರಿಚಿತವಾಗಿರುವ ಈ ಜಾತಿಯ ಪುಸ್ತಕಗಳು ವಿದ್ಯೆಗೆ ಶತ್ರುಗಳೆಂಬುದು ಉಪಾಧ್ಯಾಯವರ್ಗದ ಸಾಮಾನ್ಯಾಭಿಪ್ರಾಯ. ಈ ಅಭಿಪ್ರಾಯದಲ್ಲಿ ಸತ್ಯಾಂಶವು ಬಹಳವಾಗಿದೆಯೆಂಬುದನ್ನು ಅಲ್ಲಗಳೆಯಲಾಗದು. ಆದರೂ ಗಣಿತದ ಚರಿತ್ರೆಯಲ್ಲಿ ಇದಕ್ಕೊಂದು ದೊಡ್ಡ ಅಪವಾದವುಂಟು. ಪರೀಕ್ಷಾರ್ಥಿಗಳ ಅನುಕೂಲಕ್ಕಾಗಿಯೇ ಬರೆದ ಒಂದು ಒಣ ಸಂಗ್ರಹವು ಕುಂಭಕೋಣದ ಒಬ್ಬ ಹೈಸ್ಕೂಲು ಹುಡುಗನ ಕೈಗೆ ಸಿಕ್ಕಿ, ಅವನನ್ನು ಲೋಕದ ಶ್ರೇಷ್ಠ ಗಣಿತಜ್ಞರ ಸಾಲಿಗೆ ಒಯ್ಯುವ ದಾರಿಯಾಯಿತು. ಅದೇ ಹುಡುಗನನ್ನು ಪರೀಕ್ಷೆಯು ಕಾಲೇಜಿನ ಬಾಗಿಲಿನಿಂದ ಆಚೆಗೆ ದಬ್ಬಿತು. ಆ ಪುಸ್ತಕದ ವೃತ್ತಾಂತವನ್ನೂ ಆ ಪರೀಕ್ಷೆಯ ವೃತ್ತಾಂತವನ್ನೂ ಕೂಡಿಸಿ ನೋಡುವುದು ಈ ಲೇಖನದ ಉದ್ದೇಶ.

ಕುಂಭಕೋಣದ ಕಥೆ ನಮಗೇಕೆ ಎಂದು ಕೇಳುವವರಿರಬಹುದು. ಮದರಾಸು ವಿಶ್ವವಿದ್ಯಾನಿಲಯವು ೧೮೫೭ನೆಯ ಇಸವಿಯಲ್ಲಿ, ಕಲ್ಕತ್ತೆ ಮುಂಬಯಿಗಳ ವಿಶ್ವವಿದ್ಯಾನಿಲಯಗಳೊಡನೆ, ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯ ಮೇಲೆ ಸ್ಥಾಪಿತವಾಯಿತು. ಮೊದಮೊದಲು ಇವು ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ. ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದುವು. ಮಂಗಳೂರು, ಬಳ್ಳಾರಿಗಳ ಕನ್ನಡ ಹುಡುಗರು ಬರೆಯುತ್ತಿದ್ದುದು ಮದರಾಸಿನ ಮೆಟ್ರಿಕ್ಯುಲೇಷನ್ನು; ಧಾರವಾಡ, ಬೆಳಗಾವಿ, ಬಿಜಾಪುರದವರದು ಮುಂಬಯಿಯದು. ಮೈಸೂರು ಸಂಸ್ಥಾನಕ್ಕೆ ೧೯೧೬ರಲ್ಲಿ ತನ್ನದೇ ಆದ ವಿಶ್ವವಿದ್ಯಾನಿಲಯವು ಬರುವವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮೈಸೂರಿನ ಮಹಾರಾಜಾ ಕಾಲೇಜೂ ಮದರಾಸಿಗೇ ಅಧೀನವಾಗಿದ್ದುವು. ಆದುದರಿಂದ ಕಾವೇರಿಯ ಕೆಳದಂಡೆಯ ಹುಡುಗನು ಯಾವ ಪರೀಕ್ಷೆಯಲ್ಲಿ ಗೆದ್ದು ಯಾವುದರಲ್ಲಿ ಸೋತನೋ, ಅದೇ ಪರೀಕ್ಷೆಗಳನ್ನು ಅದೇ ಕಾಲದಲ್ಲಿ ಅದೇ ನದಿಯ ಮೇಲುದಂಡೆಯವರೂ ಬರೆಯುತ್ತಿದ್ದರು.

ಈ ಪರೀಕ್ಷೆಗಳ ಗಣಿತವು ಇಂಗ್ಲೆಂಡಿನಿಂದ ಬಂದುದು. ಅಂಕಗಣಿತ, ಬೀಜಗಣಿತ, ಯೂಕ್ಲಿಡನ ರೇಖಾಗಣಿತ—ಇವು ಮೂರೂ ಆಗಿನ ಹೈಸ್ಕೂಲಿನ ಗಣಿತದ ಅಂಗಗಳು. ಟಾಡ್‌ಹಂಟರನ ಯೂಕ್ಲಿಡ್, ಹಾಲ್ ಮತ್ತು ನೈಟರ ಬೀಜಗಣಿತ, ೧೮೯೩ರಲ್ಲಿ ಹೊರಬಂದ ಲೋನಿಯ ತ್ರಿಕೋಣಮಿತಿ—ಈ ಹೆಸರುಗಳನ್ನು ನಮ್ಮ ಅಜ್ಜಂದಿರು ದೇವರ ನಾಮಗಳಂತೆ ಬಲ್ಲವರಾಗಿದ್ದರು. ಲೋನಿಯ ಪುಸ್ತಕವನ್ನಂತೂ ಎಂಜಿನಿಯರಿಂಗ್ ಪ್ರವೇಶಪರೀಕ್ಷೆಗೆ ಕೂಡುವವರು ಇಂದಿಗೂ ಓದುತ್ತಾರೆ. ಯೂಕ್ಲಿಡನನ್ನು ಪ್ರತಿಜ್ಞೆಯ ಸಂಖ್ಯೆಯೊಡನೆ ಕಂಠಪಾಠ ಮಾಡುವುದು ರೂಢಿಯಾಗಿತ್ತು. ಮೊದಲನೆಯ ಅಧ್ಯಾಯದ ೪೭ನೆಯದೆಂದರೆ ಲಂಬಕೋನ ತ್ರಿಭುಜದ ಪ್ರಮೇಯ. ೫ನೆಯದೆಂದರೆ ಸಮದ್ವಿಬಾಹು ತ್ರಿಭುಜದ್ದು. ಇದನ್ನು ದಾಟಲಾರದವರು ಬಹಳ ಮಂದಿ ಇದ್ದುದರಿಂದ ಯೂರೋಪಿನವರು ಇದಕ್ಕೆ ‘ಕತ್ತೆಗಳ ಸೇತುವೆ’ಯೆಂದು ಹೆಸರಿಟ್ಟಿದ್ದರು. ಚಿತ್ರದ ಅಕ್ಷರಗಳನ್ನು ಬದಲಿಸಿ ಕೇಳಿದರೆ ಕಂಠಪಾಠದ ಕೋಟೆಯು ಕುಸಿದುಬೀಳುತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಈ ಪುಸ್ತಕಗಳ ಹಿಂದೆ ಇದ್ದುದು ಕೇಂಬ್ರಿಜ್ಜಿನ ಗಣಿತ ಪರೀಕ್ಷೆ. ಅದಕ್ಕೆ ಟ್ರೈಪಾಸ್ ಎಂದು ಹೆಸರು. ಇದರಲ್ಲಿ ಉತ್ತೀರ್ಣರಾದವರನ್ನು ರ‍್ಯಾಂಗ್ಲರರು, ಸೀನಿಯರ್ ಆಪ್ಟಿಮೆಗಳು, ಜೂನಿಯರ್ ಆಪ್ಟಿಮೆಗಳು ಎಂದು ಮೂರು ವರ್ಗಗಳಾಗಿ ವಿಂಗಡಿಸಿ, ಒಬ್ಬೊಬ್ಬನಿಗೂ ಗುಣಾನುಕ್ರಮದಲ್ಲಿ ಸ್ಥಾನವನ್ನು ನಿರ್ದೇಶಿಸಿ ಪ್ರಕಟಿಸುತ್ತಿದ್ದರು. ಮೊದಲನೆಯವನು ಸೀನಿಯರ್ ರ‍್ಯಾಂಗ್ಲರ್. ಅವನ ಕೀರ್ತಿಯು ದೇಶದ ವೃತ್ತಪತ್ರಿಕೆಗಳಲ್ಲೆಲ್ಲ ಹಬ್ಬುತ್ತಿತ್ತು. ಕಟ್ಟಕಡೆಯವನಿಗೆ ಸಹಪಾಠಿಗಳು ಒಂದು ದೊಡ್ಡ ಮರದ ಸೌಟನ್ನು ಬಹುಮಾನವಾಗಿ ಕೊಟ್ಟು ಪರಿಹಾಸ್ಯ ಮಾಡುತ್ತಿದ್ದರು. ಸ್ಥಾನವೇ ಸರ್ವಸ್ವವಾದಲ್ಲಿ ಸ್ಥಾನವನ್ನು ಗಳಿಸಿಕೊಡುವ ವೃತ್ತಿಯೂ ಹುಟ್ಟುವುದು ಸಹಜ. ಕಾಲೇಜಿನ ಉಪನ್ಯಾಸಗಳನ್ನು ಬಿಟ್ಟು ವಿದ್ಯಾರ್ಥಿಗಳು ಖಾಸಗಿ ಶಿಕ್ಷಕರಲ್ಲಿಗೆ ಹಣ ತೆತ್ತು ಹೋಗತೊಡಗಿದರು. ಹಾಪ್ಕಿನ್ಸ್ ಎಂಬ ಇಂಥ ಶಿಕ್ಷಕನ ಶಿಷ್ಯರಲ್ಲಿ ಹದಿನೇಳು ಮಂದಿ ಸೀನಿಯರ್ ರ‍್ಯಾಂಗ್ಲರರಾದರು. ಅವನ ಶಿಷ್ಯನೂ ೧೮೫೪ರ ಸೀನಿಯರ್ ರ‍್ಯಾಂಗ್ಲರನೂ ಆದ ರೌತನು ಇಪ್ಪತ್ತಕ್ಕೂ ಮಿಕ್ಕವರನ್ನು ಆ ಸ್ಥಾನಕ್ಕೆ ಏರಿಸಿದನು. ಆ ೧೮೫೪ರಲ್ಲಿ ರೌತನ ಕೆಳಗೆ ಎರಡನೆಯವನಾಗಿ ನಿಂತವನು ಮ್ಯಾಕ್ಸ್‌ವೆಲ್—ವಿದ್ಯುತ್ತಿಗೂ ಬೆಳಕಿಗೂ ಸಂಬಂಧವನ್ನು ಕಂಡುಹಿಡಿದ ಮಹಾಪುರುಷ! ಪರೀಕ್ಷೆಯ ತಕ್ಕಡಿಯು ಎಷ್ಟು ಸೂಕ್ಷ್ಮವೋ ಅಷ್ಟೇ ಕುರುಡು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವೇಕೆ? ೧೮೯೯ರಲ್ಲಿ ರಘುನಾಥ ಪುರುಷೋತ್ತಮ ಪರಾಂಜಪೆಯವರು ಇನ್ನೊಬ್ಬರೊಡನೆ ಸಮನಾಗಿ ಈ ಪ್ರಥಮಸ್ಥಾನವನ್ನು ಪಡೆದ ಮೊದಲನೆಯ ಭಾರತೀಯರಾದರು. ಅವರು ಮುಂದೆ ಪುಣೆಯ ಫರ್ಗ್ಯೂಸನ್ ಕಾಲೇಜಿನ ಪ್ರಿನ್ಸಿಪಾಲರಾದರು.

ನಮ್ಮ ಕಥೆಯ ಪುಸ್ತಕವನ್ನು ಬರೆದ ಜಾರ್ಜ್ ಷೂಬ್ರಿಜ್ ಕಾರ್ (೧೮೩೭–೧೯೧೪) ಇಂಥ ಕೀರ್ತಿವಂತನಲ್ಲ. ಅವನು ಲಂಡನ್ನಿನಲ್ಲಿ ಪರೀಕ್ಷೆಗಳಿಗೆ ಹುಡುಗರನ್ನು ಸಿದ್ಧಗೊಳಿಸುತ್ತಿದ್ದ ಒಬ್ಬ ಖಾಸಗಿ ಶಿಕ್ಷಕ. ನಲವತ್ತರ ಸಮೀಪದ ವಯಸ್ಸಿನಲ್ಲಿ ತಾನೇ ವಿದ್ಯಾರ್ಥಿಯಾಗಿ ಕೇಂಬ್ರಿಜ್ಜಿಗೆ ಸೇರಿ, ೧೮೮೦ರ ಟ್ರೈಪಾಸಿನಲ್ಲಿ ಎರಡನೆಯ ವರ್ಗದ ಹನ್ನೆರಡನೆಯವನಾಗಿ ತೇರ್ಗಡೆಯಾದನು. ಅದೇ ವರ್ಷ ಅವನ ಸಂಗ್ರಹದ ಮೊದಲ ಸಂಪುಟವೂ ೧೮೮೬ರಲ್ಲಿ ಎರಡನೆಯದೂ ಅಚ್ಚಾದುವು. ಶುದ್ಧಗಣಿತದ ಪ್ರಾಥಮಿಕ ಫಲಿತಗಳ ಸಂಕ್ಷೇಪ ಎಂಬುದು ಅದರ ಹೆಸರಿನ ಅರ್ಥ. ತನ್ನ ಶಿಷ್ಯರಿಗಾಗಿ ವರ್ಷಗಟ್ಟಲೆ ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳನ್ನೇ ಅವನು ಕ್ರಮಪಡಿಸಿದ್ದನು. ಬೀಜಗಣಿತ, ತ್ರಿಕೋಣಮಿತಿ, ಚಲನಕಲನ, ವಿಶ್ಲೇಷಕ ರೇಖಾಗಣಿತ ಮೊದಲಾದುವುಗಳ ಫಲಿತಗಳೆಲ್ಲ ಅದರಲ್ಲಿ ಸಂಖ್ಯೆಯಿಟ್ಟು ಸಾಲಾಗಿ ನಿಂತಿವೆ. ಕೊನೆಯ ಸಂಖ್ಯೆ ೬೧೬೫. ನಡುವೆ ಕೆಲವು ಸಂಖ್ಯೆಗಳನ್ನು ಬಿಟ್ಟಿರುವುದರಿಂದ ನಿಜವಾದ ಎಣಿಕೆಯು ಅದಕ್ಕಿಂತ ಕಡಮೆ. ಸಾಧನೆಯೆಂಬುದು ಇದ್ದರೆ ಒಂದೆರಡು ಪಂಕ್ತಿ. ಎಷ್ಟೋ ಕಡೆ ಹಿಂದಿನ ಇಂಥ ಸಂಖ್ಯೆಯನ್ನು ನೋಡಿಕೊಳ್ಳಿ ಎಂಬ ಸೂಚನೆಮಾತ್ರ. ಗುರುವಿನ ಬಳಿ ಪಾಠವನ್ನು ಮುಗಿಸಿದವನು ಪರೀಕ್ಷೆಯ ಹಿಂದಿನ ವಾರಗಳಲ್ಲಿ ಎಲ್ಲವನ್ನೂ ನೆನಪಿಗೆ ತಂದುಕೊಳ್ಳಲು ಅದು ಒಳ್ಳೆಯ ಸಾಧನ. ಅದರಿಂದಲೇ ಗಣಿತವನ್ನು ಕಲಿಯಬೇಕೆಂದು ಅದರ ಕರ್ತೃವೂ ಅಪೇಕ್ಷಿಸಿರಲಾರನು.

ಫಲಿತವನ್ನುಮಾತ್ರ ಹೇಳಿ ಉಪಪತ್ತಿಯನ್ನು ಬಿಡುವ ಈ ಪದ್ಧತಿಯು ನಮಗೆ ಹೊಸದಲ್ಲ. ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಆರಂಭವಾಗುವ ಮಹಾವೀರಾಚಾರ್ಯನ ಗಣಿತಸಾರಸಂಗ್ರಹವೂ, ಹನ್ನೆರಡನೆಯ ಶತಮಾನದ ಕನ್ನಡ ಕವಿ ರಾಜಾದಿತ್ಯನ ವ್ಯವಹಾರಗಣಿತವೂ ಸೂತ್ರ ಮತ್ತು ಉದಾಹರಣೆಗಳ ಗ್ರಂಥಗಳೇ. ಒಂದು ಸಂಖ್ಯೆಯ ವರ್ಗವನ್ನು ತಿಳಿಯಬೇಕಾದರೆ, ಅದರಲ್ಲಿ ಇಷ್ಟವಾದೊಂದು ರಾಶಿಯನ್ನು ಕಳೆದುದನ್ನೂ ಕೂಡಿಸಿದುದನ್ನೂ ಗುಣಿಸಿ, ಆ ಇಷ್ಟರಾಶಿಯ ವರ್ಗವನ್ನು ಸೇರಿಸಬೇಕೆಂದು ಮಹಾವೀರನು ವಿಧಿಸುತ್ತಾನೆ. ೪೭ರ ವರ್ಗ ಬೇಕಾಗಿದೆ, ಇಷ್ಟರಾಶಿ ೩ ಎಂದಿಟ್ಟುಕೊಳ್ಳೋಣ, ೪೪ನ್ನು ೫೦ರಿಂದ ಗುಣಿಸಿದರೆ ೨೨೦೦, ೩ರ ವರ್ಗ ೯, ಕೂಡಿಸಿದರೆ ೨೨೦೯. ಬಾಯಿಲೆಕ್ಕದಲ್ಲಿ ಕ್ಷಣಮಾತ್ರದ ಕೆಲಸ. ಅದೇ ಸ್ಥಳದಲ್ಲಿ ಇನ್ನೊಂದು ವಿಧಿಯೂ ಇದೆ: ೧, ೩, ೫ ಎಂದು ಬೆಸಸಂಖ್ಯೆಗಳನ್ನು ಎಷ್ಟು ಪದಗಳವರೆಗೆ ಕೂಡಿಸುವೆವೋ ಅಷ್ಟರ ವರ್ಗವು ಬರುತ್ತದೆ. ಇದು ಏಕೆ ನಿಜ? ಮೂಲದಲ್ಲಿ ಉತ್ತರವಿಲ್ಲ. ಮಠದ ಜಗಲಿಯ ಮೇಲೆ ಕುಳಿತ ಗುರುವು ಕವಡೆಗಳನ್ನು ಚೌಕವಾಗಿ ಜೋಡಿಸಿ ತೋರಿಸಿದರೆ ಶಿಷ್ಯನಿಗೆ ತಿಳಿದೀತು. ಗುರುವಿಲ್ಲದಿದ್ದರೆ ಶಿಷ್ಯನೇ ಜೋಡಿಸಿ ನೋಡಬೇಕು. ಎರಡೂ ಇಲ್ಲದಿದ್ದರೆ ಸೂತ್ರವು ಬಾಯಿಪಾಠವಾಗಿ ಉಳಿಯುತ್ತದೆ. ಈ ಮೂರರಲ್ಲಿ ಎರಡನೆಯ ದಾರಿಯನ್ನು ಹಿಡಿಯುವವರು ಲಕ್ಷಕ್ಕೊಬ್ಬರು. ಕುಂಭಕೋಣದಲ್ಲಿ ಹಾಗೊಬ್ಬನಿದ್ದನು.

ಶ್ರೀನಿವಾಸ ರಾಮಾನುಜನ್ ೧೮೮೭ನೆಯ ಇಸವಿ ಡಿಸೆಂಬರ್ ೨೨ರಂದು ಈರೋಡಿನಲ್ಲಿ ಜನಿಸಿ ಕುಂಭಕೋಣದಲ್ಲಿ ಬೆಳೆದವನು. ತಂದೆಯು ಜವಳಿ ಅಂಗಡಿಯಲ್ಲಿ ಗುಮಾಸ್ತೆ. ೧೮೯೭ರ ಪ್ರಾಥಮಿಕ ಪರೀಕ್ಷೆಯಲ್ಲಿ ತಂಜಾವೂರು ಜಿಲ್ಲೆಗೇ ಮೊದಲನೆಯವನಾಗಿ, ಮರುವರ್ಷ ಟೌನ್ ಹೈಸ್ಕೂಲನ್ನು ಸೇರಿದನು. ಲೋನಿಯ ತ್ರಿಕೋಣಮಿತಿಯನ್ನು ಮೇಲಿನ ತರಗತಿಯವನೊಬ್ಬನಿಂದ ಎರವಲು ತಂದು ಹದಿಮೂರರ ಸುಮಾರಿಗೆ ಮುಗಿಸಿದನು. ಸೈನು ಕೊಸೈನುಗಳ ಕುರಿತು ತಾನೇ ಕೆಲವು ಫಲಿತಗಳನ್ನು ಕಂಡುಹಿಡಿದೆನೆಂದು ಹಿಗ್ಗಿದ್ದವನು, ಅವು ಬಹು ಹಿಂದೆಯೇ ಆಯ್ಲರನಿಗೆ ತಿಳಿದಿದ್ದುವೆಂದು ಗೊತ್ತಾದೊಡನೆ ಆ ಕಾಗದಗಳನ್ನು ಮನೆಯ ಮಾಡಿನ ಸಂದಿಯಲ್ಲಿ ಬಚ್ಚಿಟ್ಟನಂತೆ. ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳಿದ್ದ ಆ ಶಾಲೆಯ ವೇಳಾಪಟ್ಟಿಯನ್ನು ಸಿದ್ಧಪಡಿಸುವ ತಲೆನೋವಿನ ಕೆಲಸವನ್ನು ಹಿರಿಯ ಗಣಿತೋಪಾಧ್ಯಾಯರು ಈ ಹುಡುಗನಿಗೆ ಒಪ್ಪಿಸುತ್ತಿದ್ದರು. ಶಾಲೆಯು ಅವನನ್ನು ಗುರುತಿಸಲಿಲ್ಲವೆಂದು ಹೇಳುವುದು ತಪ್ಪು. ಆ ಹೈಸ್ಕೂಲಿನ ಮಟ್ಟಿಗೆ ಅವನು ಮಾನ್ಯನಾಗಿಯೇ ಇದ್ದನು.

೧೯೦೩ರಲ್ಲಿ, ಅವನಿಗೆ ಹದಿನಾರು ತುಂಬುವ ಮುನ್ನ, ಸ್ಥಳೀಯ ಸರ್ಕಾರಿ ಕಾಲೇಜಿನ ಪುಸ್ತಕಭಂಡಾರದಿಂದ ಸ್ನೇಹಿತನೊಬ್ಬನ ಮೂಲಕ ಕಾರನ ಸಂಗ್ರಹವು ಅವನ ಕೈಸೇರಿತು. ಈ ಕಾಲೇಜನ್ನು ‘ದಕ್ಷಿಣ ಭಾರತದ ಕೇಂಬ್ರಿಜ್’ ಎಂದು ಕರೆಯುತ್ತಿದ್ದರೆಂಬುದು ಇಲ್ಲಿ ಸ್ಮರಣಾರ್ಹ. ಬೇರೆಯವರಾಗಿದ್ದರೆ ಎರಡು ಪುಟ ಮಗುಚಿ ಹಿಂದಿರುಗಿಸಿಬಿಡುತ್ತಿದ್ದರು. ಅವನಾದರೋ ಒಂದೊಂದು ವಾಕ್ಯವನ್ನೂ ತನಗೆ ಹಾಕಿದ ಲೆಕ್ಕವೆಂದು ಭಾವಿಸಿ ಸಾಧಿಸುತ್ತ ಹೊರಟನು. ಬೇರೆ ಪುಸ್ತಕಗಳ ಆಸರೆ ಇಲ್ಲದ ಕಾರಣ ಪ್ರತಿಯೊಂದು ಸಾಧನೆಯೂ ಅವನ ಮಟ್ಟಿಗೆ ಒಂದು ಸಂಶೋಧನೆಯೇ ಆಯಿತು. ಕಾಗದವು ದುಬಾರಿ, ಆದುದರಿಂದ ಹಲಗೆಯ ಮೇಲೆ ಬಳಪದಿಂದ ಬರೆದು, ಮೊಳಕೈಯಿಂದ ಒರಸಿ, ಕೊನೆಯ ಫಲಿತವನ್ನುಮಾತ್ರ ಪುಸ್ತಕಕ್ಕೆ ಏರಿಸುತ್ತಿದ್ದನು.

ಇಲ್ಲಿ ನಾನು ಹೇಳಬೇಕಾದ ಮುಖ್ಯವಾದ ಮಾತೊಂದಿದೆ. ಕಾರನ ಪುಸ್ತಕವು ಈ ಹುಡುಗನಿಗೆ ಮಾಡಿದ ಉಪಕಾರವು ಅದರಲ್ಲಿದ್ದುದರಿಂದ ಎಷ್ಟು ಆಯಿತೋ, ಅದರಲ್ಲಿಲ್ಲದುದರಿಂದಲೂ ಅಷ್ಟೇ ಆಯಿತು. ಉತ್ತರವು ಕಣ್ಣಮುಂದೆ ಇದೆ. ಅಲ್ಲಿಗೆ ಹೋಗುವ ದಾರಿಯಿಲ್ಲ. ಇಂದಿನ ಗೈಡುಗಳ ಸ್ಥಿತಿಯು ಇದಕ್ಕೆ ತದ್ವಿರುದ್ಧ. ಅವು ದಾರಿಯನ್ನು ಹೆಜ್ಜೆಹೆಜ್ಜೆಗೆ ಅಚ್ಚುಹಾಕಿಕೊಡುತ್ತವೆ, ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಯು ಹೆಜ್ಜೆಯ ಗುರುತುಗಳನ್ನು ಎಣಿಸಿ ಅವುಗಳಿಗಿರುವ ಅಂಕಗಳನ್ನು ಕೂಡುತ್ತಾನೆಯೇ ಹೊರತು ತಾನು ನಡೆಯುವುದಿಲ್ಲ. ಸಂಗ್ರಹಪುಸ್ತಕವೆಂಬ ಒಂದೇ ಹೆಸರಿನಿಂದ ಎರಡನ್ನೂ ಕರೆದು ಎರಡನ್ನೂ ಒಟ್ಟಿಗೆ ನಿಂದಿಸುವುದು ಸರಿಯಲ್ಲ. ಹಾಗೆಂದು ಮಕ್ಕಳೆಲ್ಲರ ಕೈಗೂ ಸಾಧನೆಯಿಲ್ಲದ ಸೂತ್ರಗಳನ್ನು ಕೊಟ್ಟುಬಿಡಿ ಎಂದು ನಾನು ಹೇಳುವವನಲ್ಲ. ಸಾಮಾನ್ಯನಾದ ಹುಡುಗನು ಅದರಿಂದ ಗಣಿತವನ್ನೇ ದ್ವೇಷಿಸುವನು. ಆದರೆ ಪುಸ್ತಕದಲ್ಲಿ ಎಲ್ಲವನ್ನೂ ಬಿಡಿಸಿ ತೋರಿಸಿದುದರಿಂದ ಆಗುವ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂಬುದು ನನ್ನ ದೂರು.

೧೯೦೩ರ ಡಿಸೆಂಬರಿನಲ್ಲಿ ರಾಮಾನುಜನು ಮೆಟ್ರಿಕ್ಯುಲೇಷನ್ನನ್ನು ಮೊದಲನೆಯ ದರ್ಜೆಯಲ್ಲಿ ತೇರ್ಗಡೆಮಾಡಿ, ವಿದ್ಯಾರ್ಥಿವೇತನದೊಡನೆ ಕುಂಭಕೋಣದ ಕಾಲೇಜಿಗೆ ಸೇರಿದನು. ಬಡ ಗುಮಾಸ್ತೆಯ ಮಗನಿಗೆ ಯಾರ ಶಿಫಾರಸ್ಸೂ ಇಲ್ಲದೆ ಕಾಲೇಜಿನ ಬಾಗಿಲು ತೆರೆದುದು ಈ ಪರೀಕ್ಷೆಯಿಂದಲೇ. ಪರೀಕ್ಷೆಯನ್ನು ಬಯ್ಯುವವರು ಈ ಪುಣ್ಯವನ್ನು ಮರೆಯಬಾರದು. ಆದರೆ ಮುಂದಿನ ಮೆಟ್ಟಿಲಾದ ಎಫ್.ಎ. ಪರೀಕ್ಷೆಯಲ್ಲಿ ಇಂಗ್ಲಿಷು, ಸಂಸ್ಕೃತ, ಗಣಿತ, ಶರೀರಶಾಸ್ತ್ರ, ಗ್ರೀಕ್ ಮತ್ತು ರೋಮನ್ ಚರಿತ್ರೆ—ಇವೆಲ್ಲವುಗಳಲ್ಲಿಯೂ ಪ್ರತ್ಯೇಕವಾಗಿ ತೇರ್ಗಡೆಯಾಗಬೇಕಾಗಿತ್ತು. ಕಾರನ ಪುಸ್ತಕವು ಹಿಡಿಸಿದ ಹುಚ್ಚಿನಲ್ಲಿ ಉಳಿದ ಪಾಠಗಳೆಲ್ಲ ಮೂಲೆಗೆ ಬಿದ್ದುವು. ಇಂಗ್ಲಿಷ್ ಪ್ರಬಂಧದಲ್ಲಿ ತಪ್ಪಿ ವಿದ್ಯಾರ್ಥಿವೇತನವು ಕೈಬಿಟ್ಟಿತು. ೧೯೦೫ರಲ್ಲಿ ಮನೆಯಲ್ಲಿ ಹೇಳದೆ ವಿಶಾಖಪಟ್ಟಣದ ಕಡೆಗೆ ಹೊರಟುಹೋದನು. ೧೯೦೬ರಲ್ಲಿ ಮದರಾಸಿನ ಪಚ್ಚೈಯಪ್ಪ ಕಾಲೇಜಿಗೆ ಸೇರಿ ಪರೀಕ್ಷೆಗೆ ಕುಳಿತು ತಪ್ಪಿದನು. ೧೯೦೭ರಲ್ಲಿ ಖಾಸಗಿಯಾಗಿ ಕುಳಿತು ಪುನಃ ತಪ್ಪಿದನು. ಪ್ರಾಣಿಯ ಅಂಗಾಂಗಗಳನ್ನು ಕೊಯ್ದು ನೋಡುವ ಶರೀರಶಾಸ್ತ್ರವು ಆ ವೈಷ್ಣವ ಹುಡುಗನಿಗೆ ಕೊನೆಯವರೆಗೂ ಸೇರಲಿಲ್ಲ.

ದೋಷವು ಯಾರದು? ಗಣಿತದಲ್ಲಿ ಹುಡುಗನನ್ನು ಪರೀಕ್ಷಕರು ತಪ್ಪಾಗಿ ಅಳೆದರೆಂದು ಯಾರೂ ಹೇಳಿಲ್ಲ. ಎಲ್ಲ ವಿಷಯಗಳನ್ನೂ ಒಂದೇ ಸರಪಳಿಯಲ್ಲಿ ಕಟ್ಟಿ, ಒಂದು ಕೊಂಡಿ ಬಿಟ್ಟರೂ ಸರಪಳಿಯೇ ಇಲ್ಲವೆಂದು ನಿರ್ಣಯಿಸಿದ ನಿಯಮದಲ್ಲಿ ದೋಷವಿದೆ. ನಿಯಮವು ಎಲ್ಲರಿಗೂ ಒಂದೇ ಆಗಿರಬೇಕೆಂಬ ನ್ಯಾಯಬುದ್ಧಿಯಿಂದಲೇ ಅದು ಹುಟ್ಟಿತು. ಅದೇ ನ್ಯಾಯಬುದ್ಧಿಯು ಒಬ್ಬನ ಪಾಲಿಗೆ ಅನ್ಯಾಯವಾಯಿತು. ಆ ವರ್ಷಗಳಲ್ಲಿ ತಪ್ಪಿದ ಇತರರಲ್ಲಿ ನಮ್ಮ ಕಡೆಯ ಹುಡುಗರೂ ಇದ್ದಿರಲೇಬೇಕು. ಅವರ ಹೆಸರನ್ನು ಚರಿತ್ರೆಯು ಬರೆದಿಡುವುದಿಲ್ಲ.

ಮುಂದಿನದು ಪ್ರಸಿದ್ಧವಾದ ಕಥೆಯಾದುದರಿಂದ ಸಂಕ್ಷೇಪಿಸುತ್ತೇನೆ. ಭಾರತೀಯ ಗಣಿತ ಸಂಘವನ್ನು ೧೯೦೭ರಲ್ಲಿ ಸ್ಥಾಪಿಸಿದ ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರವರೂ, ನೆಲ್ಲೂರಿನ ಕಲೆಕ್ಟರಾಗಿದ್ದ ಆರ್. ರಾಮಚಂದ್ರರಾಯರೂ ತರುಣನಿಗೆ ಆಶ್ರಯರಾದರು. ೧೯೧೧ರಲ್ಲಿ ಆ ಸಂಘದ ಪತ್ರಿಕೆಯಲ್ಲಿ ರಾಮಾನುಜನ್ನರ ಮೊದಲನೆಯ ಲೇಖನವು ಅಚ್ಚಾಯಿತು. ೧೯೧೨ರ ಮಾರ್ಚಿಯಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ತಿಂಗಳಿಗೆ ೩೦ ರೂಪಾಯಿಗಳ ಗುಮಾಸ್ತಗಿರಿ ದೊರೆಯಿತು. ೧೯೧೩ರ ಜನವರಿ ೧೬ರಂದು ಅವರು ಕೇಂಬ್ರಿಜ್ಜಿನ ಜಿ. ಎಚ್. ಹಾರ್ಡಿಯವರಿಗೆ ಕಾಗದ ಬರೆದರು. ಎಫ್.ಎ. ಸಹ ತೇರ್ಗಡೆಯಾಗದವರಿಗೆ ಅದೇ ಮದರಾಸು ವಿಶ್ವವಿದ್ಯಾನಿಲಯವು ಆ ವರ್ಷದ ಮೇ ತಿಂಗಳಿಂದ ತಿಂಗಳಿಗೆ ೭೫ ರೂಪಾಯಿಗಳ ಸಂಶೋಧನವೇತನವನ್ನು ಕೊಟ್ಟಿತು. ನಿಯಮವನ್ನು ಮೀರಿ ನಡೆದ ಈ ಕೆಲಸಕ್ಕಾಗಿ ಆ ವಿಶ್ವವಿದ್ಯಾನಿಲಯವನ್ನು ಪ್ರಶಂಸಿಸಬೇಕು. ೧೯೧೪ರ ಮಾರ್ಚಿಯಲ್ಲಿ ರಾಮಾನುಜನ್ನರು ಹಡಗನ್ನೇರಿದರು. ಎರಡು ವರ್ಷಗಳ ತರುವಾಯ, ೧೯೧೬ರಲ್ಲಿ, ಯಾವ ಪರೀಕ್ಷೆಗೂ ಕೂಡದೆ, ಸಂಶೋಧನೆಯ ಬಲದಿಂದಲೇ ಅವರಿಗೆ ಮೊದಲನೆಯ ಪದವಿ ಬಂದಿತು. ಪರೀಕ್ಷೆಗಳ ತವರುಮನೆಯಾದ ಕೇಂಬ್ರಿಜ್ಜೇ ಅದನ್ನು ಕೊಟ್ಟುದು! ೧೯೧೮ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ಟ್ರಿನಿಟಿ ಕಾಲೇಜಿನ ಫೆಲೋಷಿಪ್ಪೂ ದೊರೆತುವು. ೧೯೨೦ರ ಏಪ್ರಿಲ್ ೨೬ರಂದು ಮದರಾಸಿನಲ್ಲಿ, ಮೂವತ್ತಮೂರು ತುಂಬುವ ಮೊದಲೇ, ಅವರು ಕಾಲವಾದರು.

ಹಾರ್ಡಿಯವರು ಪರೀಕ್ಷೆಯ ಹುಲಿಯ ಬಾಯಿಂದ ಪಾರಾಗಿ ಬಂದವರು. ೧೮೯೮ರಲ್ಲಿ ಅವರು ನಾಲ್ಕನೆಯ ರ‍್ಯಾಂಗ್ಲರರಾಗಿದ್ದರು. ಆದರೂ ನಿಜವಾದ ಗಣಿತವೆಂದರೇನೆಂಬುದು ತಮಗೆ ತಿಳಿದುದು ಫ್ರಾನ್ಸಿನ ಜೋರ್ದಾನನ ಗ್ರಂಥದಿಂದಲೇ ಹೊರತು ಟ್ರೈಪಾಸಿನಿಂದಲ್ಲವೆಂದು ಅವರು ಭಾವಿಸಿದ್ದರು. ಗುಣಾನುಕ್ರಮವಾಗಿ ಸ್ಥಾನವನ್ನು ಪ್ರಕಟಿಸುವ ಪದ್ಧತಿಯನ್ನು ನಿಲ್ಲಿಸಬೇಕೆಂದು ಹೋರಾಡಿದವರಲ್ಲಿ ಅವರೂ ಒಬ್ಬರು. ೧೯೦೯ರ ಪಟ್ಟಿಯೇ ಅದರ ಕೊನೆಯದು. ಅಷ್ಟಕ್ಕೂ ತೃಪ್ತರಾಗದೆ ೧೯೨೬ರಲ್ಲಿ, ಆ ಪರೀಕ್ಷೆಯನ್ನೇ ತೆಗೆದುಹಾಕುವುದು ಲೇಸೆಂದು ಒಂದು ಅಧ್ಯಕ್ಷಭಾಷಣದಲ್ಲಿ ವಾದಿಸಿದರು. ಇಂಥವರು ಕಾರನ ಪುಸ್ತಕವನ್ನು ತಿರಸ್ಕರಿಸಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ ಅವರು ಅದನ್ನು ಜಾಗರೂಕತೆಯಿಂದ ನೋಡಿ, ಅದು ಮಹಾಗ್ರಂಥವಲ್ಲದಿದ್ದರೂ ಕೆಳದರ್ಜೆಯ ಪಠ್ಯವೂ ಅಲ್ಲ, ವಿಷಯದಲ್ಲಿ ನಿಜವಾದ ಪ್ರೀತಿಯುಳ್ಳವನೊಬ್ಬನು ಬರೆದುದು ಎಂಬ ಅಭಿಪ್ರಾಯಕ್ಕೆ ಬಂದರು. ಅದರ ಕೊರತೆಗಳನ್ನೂ ಅವರು ಮುಚ್ಚಿಡಲಿಲ್ಲ. ಸಂಕೀರ್ಣ ಚಲರಾಶಿಗಳ ಫಲನಸಿದ್ಧಾಂತದ ಆಧುನಿಕ ಭಾಗವು ಅದರಲ್ಲಿರಲಿಲ್ಲ. ಆದುದರಿಂದ ಅದು ಕಲಿತವನಲ್ಲಿಯೂ ಇರಲಿಲ್ಲ. ಪೂರ್ಣವಾದ ಉಪಪತ್ತಿಯೆಂದರೇನೆಂಬ ಕಲ್ಪನೆಯೂ ರಾಮಾನುಜನ್ನರಲ್ಲಿ ಮಸಕಾಗಿತ್ತು. ಅವಿಭಾಜ್ಯ ಸಂಖ್ಯೆಗಳ ಹಂಚಿಕೆಯ ವಿಷಯದಲ್ಲಿ ಅವರು ಹಾರ್ಡಿಯವರಿಗೆ ಬರೆದ ಕೆಲವು ಮಾತುಗಳು ತಪ್ಪಾಗಿದ್ದುದಕ್ಕೆ ಇದೇ ಕಾರಣ. ಗುರುವಿಲ್ಲದ ವಿದ್ಯೆಯು ಎಷ್ಟು ಎತ್ತರಕ್ಕೆ ಏರಿಸಿತೆಂಬುದನ್ನು ಹೊಗಳುವವರು, ಅದು ಎಷ್ಟು ವರ್ಷಗಳನ್ನು ತಿಂದುಹಾಕಿತೆಂಬುದನ್ನೂ ಹೇಳಬೇಕು. ಯೂರೋಪಿನವರು ನೂರು ವರ್ಷಗಳ ಹಿಂದೆ ಕಂಡುಕೊಂಡುದನ್ನು ಮತ್ತೆ ಕಂಡುಹಿಡಿಯುವುದರಲ್ಲಿ ಆ ತಾರುಣ್ಯದ ಬಹುಭಾಗವು ಕಳೆಯಿತು.

ಇನ್ನು ಆ ಟಿಪ್ಪಣಿಪುಸ್ತಕಗಳ ಮಾತು. ಎಫ್.ಎ. ತಪ್ಪಿದ ವರ್ಷಗಳಲ್ಲಿ ತುಂಬಿದ ಅವು ಕಾರನ ಸಂಗ್ರಹವನ್ನೇ ಹೋಲುತ್ತವೆ: ಸಂಖ್ಯೆ, ಫಲಿತ, ಮತ್ತೆ ಸಂಖ್ಯೆ, ಫಲಿತ, ಸಾಧನೆಯ ಸುಳಿವು ಅಲ್ಲೊಂದು ಇಲ್ಲೊಂದು. ಗಣಿತವನ್ನು ಬರೆಯುವ ರೀತಿಯೆಂದರೆ ಹೀಗೆಯೇ ಎಂದು ಹದಿನಾರನೆಯ ವಯಸ್ಸಿನಲ್ಲಿ ಒಂದು ಪರೀಕ್ಷಾಪುಸ್ತಕವು ಕಲಿಸಿದ ಪಾಠವನ್ನು ಅವರು ಬಿಡಲಿಲ್ಲ. ಮುಂಬಯಿಯ ಟಾಟಾ ಸಂಶೋಧನಸಂಸ್ಥೆಯು ೧೯೫೭ರಲ್ಲಿ ಅವುಗಳನ್ನು ಕೈಬರಹದ ರೂಪದಲ್ಲಿಯೇ ಪ್ರಕಟಿಸಿತು. ಅವುಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕ ಫಲಿತಗಳಿವೆ. ಅಮೆರಿಕದ ಬ್ರೂಸ್ ಬರ್ನ್‌ಟ್ ಎಂಬ ವಿದ್ವಾಂಸರು, ಕುಂಭಕೋಣದ ಹುಡುಗನು ಕಾರನ ಪುಸ್ತಕವನ್ನು ಓದಿದಂತೆಯೇ, ಒಂದನೆಯದರಿಂದ ಹಿಡಿದು ಒಂದೊಂದಕ್ಕೂ ಉಪಪತ್ತಿಯನ್ನು ಹುಡುಕುತ್ತ ಕುಳಿತರು. ಆ ಕೆಲಸದ ಮೊದಲ ಸಂಪುಟವು ೧೯೮೫ರಲ್ಲಿಯೂ ಐದನೆಯದಾದ ಕೊನೆಯ ಸಂಪುಟವು ೧೯೯೮ರಲ್ಲಿಯೂ ಹೊರಬಂದುವು.